ಹೆಸರು ಒಳಗೆ, ಬೋಳು ಹೊರಗೆ

ಗೋಡೆ ಕಟ್ಟುವುದಕ್ಕೆ ಸಮುದ್ರ ದಾಟಿ ಜನ ಬರುತ್ತಿದ್ದರು. ಇಳಿಸುವುದಕ್ಕೆ ನಾವಿದ್ದೆವು.

ಕೆಡವುವುದಲ್ಲ, ಇಳಿಸುವುದು. ಕೆಡವಿದರೆ ಇಟ್ಟಿಗೆಯ ಮೂಲೆ ಮುರಿಯುತ್ತದೆ. ಮೂಲೆ ಮುರಿದರೆ ಕೂಲಿಯೂ ಮುರಿಯುತ್ತದೆ. ಮಣ್ಣಿಗೆ ಚೂರು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ ಅದು. ಸಂದಿಗೆ ಮಾತ್ರ ಬರೀ ಮಣ್ಣಿನ ಗಾರೆ. ಹಿಂದಿನ ಸಂಜೆ ಗೋಣಿಚೀಲ ನೆನೆಸಿ ಗೋಡೆಯ ನೆತ್ತಿಗೆ ಹೊದಿಸಿಟ್ಟರೆ ಬೆಳಿಗ್ಗೆ ಹೊತ್ತಿಗೆ ಸಂದಿ ಮೆತ್ತಗಾಗಿರುತ್ತದೆ. ಬೆರಳು ತೂರಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ, ನಿದ್ದೆಹೋದ ಮಗುವಿನ ಬಾಯಿಂದ ಮೊಲೆ ಬಿಡಿಸುವ ಹಾಗೆ ಇಟ್ಟಿಗೆ ಬಿಡಿಸಬೇಕು. ಎರಡನೆಯ ದಿನಕ್ಕೆ ಬೆರಳ ತುದಿಯ ಚರ್ಮ ಹೋಗಿರುತ್ತಿತ್ತು. ಆಮೇಲೆ ನೋಯುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಅಷ್ಟು ಅನುಕೂಲ.

ಕಟ್ಟುವವರಿಗೆ ಕೈಗವಸಿತ್ತು. ಬೆರಳಿಗೊಂದೊಂದು ಕೋಣೆಯಿರುವ, ದಪ್ಪ ಬಟ್ಟೆಯ ಒಳ್ಳೆಯ ಕೈಗವಸು. ಹೋಗುವಾಗ ಕಣ್ಣೀರಿಡುತ್ತ ನಮ್ಮ ಕೈಗೆ ಕೊಟ್ಟು ಹೋಗುತ್ತಿದ್ದರು. ಅವರ ಬಸ್ಸು ತಿರುವು ದಾಟುವ ಮುಂಚೆ ಅವರನ್ನು ಕರೆಸಿದ ಸಂಸ್ಥೆಯ ಸಂಯೋಜಕರು ಬುಟ್ಟಿ ಹಿಡಿದು ಬಂದು ವಾಪಸು ಕೇಳುತ್ತಿದ್ದರು. ಮುಂದಿನ ತಂಡಕ್ಕೆ ಬೇಕಲ್ಲ.

ಕಟ್ಟಡ ಆಸ್ಪತ್ರೆಯದು. ಆಸ್ಪತ್ರೆ ಎಂದರೆ ದೊಡ್ಡ ಮಾತಾಯಿತು, ಒಬ್ಬ ನರ್ಸ್ ಕೂತುಕೊಳ್ಳುವಷ್ಟು ಎರಡು ಕೋಣೆ. ಸರ್ಕಾರ ಜಾಗ ಕೊಟ್ಟಿತ್ತು. ಕಟ್ಟುವುದು ಸಂಸ್ಥೆಯ ಪಾಲು. ದೇಶದೇಶಗಳಿಂದ ಸ್ವಯಂಸೇವಕರನ್ನು ಕರೆಸಿ, ಅವರಿಂದಲೇ ಹಣ ತೆಗೆದುಕೊಂಡು, ಅವರಿಂದಲೇ ಗೋಡೆ ಕಟ್ಟಿಸುವ ಸಂಸ್ಥೆ. ರಸ್ತೆಯಂಚಿಗೆ ಬೋರ್ಡು ನೆಟ್ಟಿದ್ದರು: 'ಸುಸ್ಥಿರ ಅಭಿವೃದ್ಧಿ. ಒಂದು ಇಟ್ಟಿಗೆಯೂ ವ್ಯರ್ಥವಿಲ್ಲ. ಮರುಬಳಕೆಯೇ ನಮ್ಮ ಮಂತ್ರ.' ಬೋರ್ಡಿನಲ್ಲಿ ಸುಳ್ಳಿತ್ತು ಎಂದು ಯಾರೂ ಹೇಳುವಂತಿಲ್ಲ. ಅದೇ ಇಟ್ಟಿಗೆ, ಅದೇ ಪಾಯ, ಅದೇ ಗೋಡೆ. ತಂಡ ಬಂದು ಕಿಟಕಿಯ ತಲೆಮಟ್ಟಕ್ಕೆ ಏರಿಸುತ್ತಿತ್ತು, ಹಾಡು ಹೇಳಿ ಅಪ್ಪಿಕೊಂಡು ಹೋಗುತ್ತಿತ್ತು. ಮುಂದಿನ ತಂಡ ಬರುವುದರೊಳಗೆ ನಾವು ಪಾಯಕ್ಕೆ ಇಳಿಸುತ್ತಿದ್ದೆವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಮ್ಮಲ್ಲಿ ಅದು ತಿರುಗುಮುರುಗು. ಕುಂಬಾರರು ನಗುನಗುತ್ತ ಕಟ್ಟುತ್ತಿದ್ದರು, ದೊಣ್ಣೆಗೇ ಬೆನ್ನು ಮುರಿಯುತ್ತಿತ್ತು.

ಯಾಕೆ ಹೀಗೆ ಎಂದು ನನ್ನಕ್ಕ ಮೊದಲ ಸಲವೇ ಕೇಳಿದ್ದಳು. ಇಳಿಸುವ ಗುಂಪಿಗೆ ಅವಳೇ ಮೇಸ್ತ್ರಿ.

"ಯೋಚನೆ ಮಾಡಿ ಅಕ್ಕ," ಎಂದಿದ್ದರು ಸಂಯೋಜಕರು. "ಕಟ್ಟಡ ಮುಗಿದುಹೋದ್ರೆ ಅವರು ಯಾಕೆ ಬರ್ತಾರೆ? ಅವರು ಬರದಿದ್ರೆ ನಿಮಗೆ ಕೂಲಿ ಎಲ್ಲಿಂದ? ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಎಲ್ಲಾ ಹಂತ ಹಂತವಾಗಿ ಆಗುತ್ತೆ."

ಕಲ್ಲಿನ ಕ್ವಾರಿ ಮುಚ್ಚಿದ ಮೇಲೆ ಊರಲ್ಲಿ ಬೇರೆ ಕೂಲಿ ಇರಲಿಲ್ಲ. ಅಕ್ಕ ಸುಮ್ಮನಾದಳು. ನಾವು ಅವರಿಗೆ ಹಂತರಾಯ ಎಂದು ಹೆಸರಿಟ್ಟು ಸಮಾಧಾನ ಮಾಡಿಕೊಂಡೆವು. ಬಡವರ ಸಿಟ್ಟಿಗೆ ಅಡ್ಡಹೆಸರಿಗಿಂತ ಅಗ್ಗದ ಔಷಧಿ ಇಲ್ಲ.

ಒಂದು ಪದ್ಧತಿ ಹೇಳಬೇಕು. ಪ್ರತಿ ತಂಡದ ಪ್ರತಿಯೊಬ್ಬರೂ ಒಂದೊಂದು ಇಟ್ಟಿಗೆ ತಾವೇ ಒತ್ತಿ, ಹಸಿಯಿರುವಾಗಲೇ ಮೊಳೆಯಿಂದ ಹೆಸರು, ವರ್ಷ ಗೀಚುತ್ತಿದ್ದರು. ಹೂವು ಬಿಡಿಸುವವರಿದ್ದರು, ನಗುವ ಮುಖ ಬಿಡಿಸುವವರಿದ್ದರು. ಆ ಇಟ್ಟಿಗೆಗಳು ಮೇಲಿನ ಸಾಲಿನಲ್ಲಿ ಹೆಸರು ಕಾಣುವಂತೆ ಕೂರುತ್ತಿದ್ದವು. ಅದರ ಪಕ್ಕ ನಿಂತು ಫೋಟೋ. ಆದರೆ ಹಿಂದಿನ ತಂಡದ ಹೆಸರು ಮುಂದಿನ ತಂಡದ ಕಣ್ಣಿಗೆ ಬೀಳಬಾರದಲ್ಲ? ಅದಕ್ಕೆ ಹಂತರಾಯರ ಕಟ್ಟಾಜ್ಞೆಯಿತ್ತು: 'ಹೆಸರು ಒಳಗೆ, ಬೋಳು ಹೊರಗೆ.' ಎರಡಿಟ್ಟಿಗೆ ದಪ್ಪದ ಗೋಡೆ. ಹೆಸರಿದ್ದ ಮುಖಗಳು ಒಂದಕ್ಕೊಂದು ಎದುರಾಗಿ ಗೋಡೆಯ ಹೊಟ್ಟೆಯೊಳಗೆ ಹೋಗುತ್ತಿದ್ದವು. ತಂಡದವರ ಕೈಗೆ ಇಟ್ಟಿಗೆ ದಾಟಿಸುವಾಗ ಬೋಳುಮುಖ ಮುಂದಿರುವಂತೆ ದಾಟಿಸುವುದು ನಮ್ಮ ಹೊಣೆ. ಹೆಚ್ಚಾದ ಇಟ್ಟಿಗೆ ಹಂತರಾಯರ ಮನೆಯ ಕಾಂಪೌಂಡಿಗೆ ಹೋಯಿತು. ಆ ಗೋಡೆ ಮಾತ್ರ ಯಾವತ್ತೂ ಇಳಿಯಲಿಲ್ಲ.

ಭಾವ, ಅಂದರೆ ಅಕ್ಕನ ಗಂಡ, ನಮ್ಮ ಗುಂಪಿನ ಬಾಯಿ. ಅವನಿಗೊಂದು ಶಾಪವಿತ್ತು. ಅವನು ಹೇಳಿದ ನಿಜಕ್ಕೆಲ್ಲ ಜನ ನಗುತ್ತಿದ್ದರು. ಒಮ್ಮೆ ಸ್ವಯಂಸೇವಕ ಹುಡುಗಿಯೊಬ್ಬಳು ಅವನನ್ನು ಕೇಳಿದಳು, ಸೂರು ಯಾವಾಗ ಹಾಕುತ್ತೀರಿ ಎಂದು. ಎರಡು ವರ್ಷ ಕಾಲೇಜಿಗೆ ಹೋಗಿಬಂದ ಪುಣ್ಯಕ್ಕೆ ಅವರ ಭಾಷೆ ನನಗೆ ಬರುತ್ತಿತ್ತು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸುವುದೂ ನನ್ನ ಕೂಲಿಯಲ್ಲೇ ಸೇರಿತ್ತು.

"ಸೂರೆಲ್ಲಿ ತಾಯಿ? ನೀವು ಆ ಕಡೆ ಹೋದ್ರೆ ನಾವು ಈ ಕಡೆ ಇಳಿಸ್ತೀವಿ," ಎಂದ ಭಾವ.

ನಾನು ಒಂದಕ್ಷರ ಬಿಡದೆ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಂಥ ಹಾಸ್ಯಪ್ರಜ್ಞೆ ತಮ್ಮ ದೇಶದಲ್ಲಿ ಯಾರಿಗೂ ಇಲ್ಲ ಎಂದಳು. ಭಾವನೂ ನಕ್ಕ.

ಭಾವನ ಕಾಲ ಮೇಲೆ ಇಟ್ಟಿಗೆ ಬಿದ್ದದ್ದು ಹಾಗೆ ಇಳಿಸುತ್ತಿದ್ದಾಗಲೇ. ಹೆಬ್ಬೆರಳ ಉಗುರು ಕಪ್ಪಾಯಿತು. ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದ. ಉಗುರು ಬಿತ್ತು, ಹುಣ್ಣಾಯಿತು, ಹುಣ್ಣು ಮಾಯಲಿಲ್ಲ. ಪೇಟೆಯ ಆಸ್ಪತ್ರೆಗೆ ಹೋದಾಗ ಸಕ್ಕರೆ ಕಾಯಿಲೆ ಎಂದರು. ದಿನಾ ತೊಳೆದು, ಔಷಧಿ ಹಾಕಿ, ಪಟ್ಟಿ ಬದಲಿಸಬೇಕು. ದಿನಾ ಸೂಜಿ. "ಮನೆ ಹತ್ತಿರ ಯಾರಾದ್ರೂ ನರ್ಸ್ ಇದ್ದಾರಾ?" ಎಂದು ಡಾಕ್ಟರು ಕೇಳಿದರಂತೆ.

"ನರ್ಸ್ ಮನೆ ಕಟ್ತಾ ಇದ್ದೀವಿ ಸಾರ್," ಎಂದನಂತೆ ಭಾವ. "ಎಷ್ಟು ಸಲ ಕಟ್ಟಿದ್ದೀವಿ ಅಂತ ಲೆಕ್ಕ ಇಟ್ಟಿಲ್ಲ."

ಡಾಕ್ಟರೂ ನಕ್ಕರಂತೆ.

ಪೇಟೆಗೆ ಹೋಗಿಬರುವುದೆಂದರೆ ಒಂದು ಹಗಲು. ಭಾವನ ಹಗಲೂ ಹೋಗುತ್ತದೆ, ಕೈಹಿಡಿದು ಬಸ್ಸು ಹತ್ತಿಸಬೇಕಾದ ಅಕ್ಕನ ಹಗಲೂ ಹೋಗುತ್ತದೆ. ದಿನಾ ಹೋಗುವುದು ದಿನ ಬಿಟ್ಟು ದಿನವಾಯಿತು, ಆಮೇಲೆ ಸಂತೆಗೆ ಹೋದಾಗೊಮ್ಮೆ ಆಯಿತು. ಉಳಿದ ದಿನ ಅಕ್ಕ ಉಪ್ಪುನೀರಲ್ಲಿ ತೊಳೆದು ಹಳೇ ಬಟ್ಟೆ ಕಟ್ಟುತ್ತಿದ್ದಳು. ಹೆಬ್ಬೆರಳು ತೆಗೆದರು. ಪಕ್ಕದ್ದು ತೆಗೆದರು. ಗೋಡೆ ಏರುತ್ತಿತ್ತು, ಇಳಿಯುತ್ತಿತ್ತು. ಕಾಲು ಮಾತ್ರ ಇಳಿಯುತ್ತಲೇ ಹೋಯಿತು.

"ಬೇಜಾರು ಮಾಡ್ಕೋಬೇಡ ಕಣೇ," ಎಂದು ಭಾವ ಅಕ್ಕನನ್ನು ರೇಗಿಸುತ್ತಿದ್ದ. "ಇದೂ ಯೋಜನೆ ಪ್ರಕಾರಾನೇ ನಡೀತಿದೆ. ಮೊದಲ ಹಂತದಲ್ಲಿ ಬೆರಳು. ಎರಡನೇ ಹಂತದಲ್ಲಿ ಪಾದ. ಐದು ವರ್ಷದ ಯೋಜನೆ ಅಂದ್ರೆ ಸೊಂಟದವರೆಗೂ ಹೋಗಬಹುದು."

"ನಿಮ್ಮ ನಾಲಿಗೆಗೆ ಯಾವ ಹಂತದಲ್ಲಿ ಕತ್ತರಿ ಹಾಕ್ತಾರೋ!" ಎಂದು ಬೈದು ಅಕ್ಕ ಬಚ್ಚಲಿಗೆ ಹೋಗುತ್ತಿದ್ದಳು. ಬಂದಾಗ ಮುಖ ತೊಳೆದಿರುತ್ತಿದ್ದಳು.

ಆ ಬೇಸಿಗೆಯಲ್ಲಿ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಬೈಕಿನಲ್ಲಿ ಬಂದರು. ಅರ್ಧ ಗೋಡೆ ನೋಡಿದರು, ಮೇಲೆ ಆಕಾಶ ನೋಡಿದರು.

"ನಿಮ್ಮೂರಿಗೆ ನರ್ಸ್ ಹುದ್ದೆ ಮಂಜೂರಾಗಿದೆಯಮ್ಮ," ಎಂದರು ಅಕ್ಕನಿಗೆ. "ನಾನು ಕೇಳೋದು ಎರಡೇ. ತಲೆ ಮೇಲೆ ಸೂರು, ಬೀಗ ಹಾಕೋಕೆ ಒಂದು ಬಾಗಿಲು. ವರ್ಷದ ಕೊನೆಯೊಳಗೆ ಆಗದಿದ್ರೆ ಹುದ್ದೆ ಬೇರೆ ಊರಿಗೆ ಹೋಗುತ್ತೆ. ಆಮೇಲೆ ನನ್ನ ಕೈಲೂ ಇರಲ್ಲ."

"ನಮ್ಮನೇಲೇ ಒಂದು ಕೋಣೆ ಬಿಟ್ಟುಕೊಟ್ರೆ ಸಾರ್?"

"ಮಂಜೂರಾಗಿರೋದು ಈ ಜಾಗಕ್ಕೆ. ಸೂಜಿ, ಔಷಧಿ ಎಲ್ಲಾ ನಿಮ್ಮ ಒಲೆ ಪಕ್ಕ ಇಡೋಕಾಗುತ್ತಾ ಹೇಳಿ?"

ಕೆಟ್ಟ ಮನುಷ್ಯನಲ್ಲ. ಭಾವನ ಕಾಲಿನ ಪಟ್ಟಿ ಬಿಚ್ಚಿಸಿ ನೋಡಿದರು. ಮತ್ತೆ ಕಟ್ಟಿಸಿದರು. "ಬೇಗ ಸೂರು ಹಾಕಿಸ್ರಮ್ಮ," ಎಂದಷ್ಟೇ ಹೇಳಿ ಬೈಕು ಒದ್ದರು.

ಅಕ್ಕ ಅಂದೇ ಹಂತರಾಯರ ಆಫೀಸಿನ ಬಾಗಿಲಲ್ಲಿ ನಿಂತಳು. ಒಳಗೆ ಫ್ಯಾನು ತಿರುಗುತ್ತಿತ್ತು.

"ಸಾರ್, ಈ ಸಲ ಇಳಿಸೋದು ಬೇಡ. ಗೋಡೆ ಹಾಗೇ ಇರಲಿ. ಮೇಲೆ ಏನಾದ್ರೂ ಹೊದಿಸೋಣ. ನಮ್ಮ ಗುಂಪು ಒಂದು ತಂಡದ ಕೂಲಿ ಬಿಡ್ತೀವಿ."

"ಛೆ ಛೆ, ಕೂಲಿ ಬಿಡೋ ಮಾತು ಯಾಕೆ?" ಎಂದರು. ನಿಜಕ್ಕೂ ನೊಂದವರಂತೆ ಕಂಡರು. "ಸೂರು ನನ್ನ ಕೈಲಿಲ್ಲ ಅಕ್ಕ. ಸೂರು ಅನ್ನೋದು ನೀತಿ ವಿಚಾರ. ಮುಂದಿನ ವಾರ ಕೇಂದ್ರ ಕಚೇರಿಯಿಂದ ಮೇಡಂ ಬರ್ತಿದ್ದಾರೆ. ಐದು ವರ್ಷದ ಕಾರ್ಯತಂತ್ರ ಯೋಜನೆ ಮಾಡ್ತಾರೆ. ಫಲಾನುಭವಿಗಳು ಮಾತಾಡಲೇಬೇಕು ಅಂತ ಅವರ ನಿಯಮ. ನೀವೇ ಬಂದು ಹೇಳಿ."

"ಫಲಾನುಭವಿ ಅಂದ್ರೆ?" ಅಕ್ಕ ಹೊರಗೆ ಬಂದು ನನ್ನನ್ನು ಕೇಳಿದಳು.

"ಫಲ ಉಣ್ಣೋರು."

"ಯಾರು?"

"ನಾವು."

ನಮ್ಮ ಗುಂಪಿನ ಅಜ್ಜಿಯೊಬ್ಬಳು ಅಲ್ಲೇ ಇಟ್ಟಿಗೆ ಕೆರೆಯುತ್ತಿದ್ದಳು. ಬಾಯಿಗೆ ಹಲ್ಲಿಲ್ಲ, ನಾಲಿಗೆಗೆ ಬೀಗವಿಲ್ಲ. "ಹಾಗಾದ್ರೆ ಗಿಡದ ಕೆಳಗೆ ಬಾಯಿ ತೆರ್ಕೊಂಡು ಮಲಗಬೇಕಾ?" ಎಂದಳು.

ಯೋಜನೆಯ ಸಭೆ ನಡೆದದ್ದು ತಂಡದವರ ಊಟದ ಚಪ್ಪರದಲ್ಲಿ. ಮರದ ಕಂಬ, ಮೇಲೆ ಹೊಳೆಯುವ ತಗಡು. ಭಾವನನ್ನು ಕುರ್ಚಿ ಸಮೇತ ಎತ್ತಿ ತಂದಿದ್ದೆವು. ಅವನು ತಲೆಯೆತ್ತಿ ತುಂಬ ಹೊತ್ತು ತಗಡು ನೋಡಿದ.

"ಎಷ್ಟು ಗಟ್ಟಿ ತಗಡು ನೋಡು ಭಾಮೈದ. ಊಟಕ್ಕೆ ಸೂರು ಬೇಕು. ಹುಣ್ಣಿಗೆ ಬೇಡ."

ಮೇಡಂ ಒಳ್ಳೆಯವರು. ನೆಲದ ಮೇಲೆ ನಮ್ಮ ಜೊತೆಗೇ ಕೂತರು. ಬಣ್ಣಬಣ್ಣದ ಚೀಟಿ ಹಂಚಿದರು. ದೊಡ್ಡ ಬಿಳಿಹಾಳೆ ಹಲಗೆಗೆ ಅಂಟಿಸಿ ನಾಲ್ಕು ಅಂಕಣ ಎಳೆದರು. ಒಂದೊಂದು ಅಂಕಣವೂ ಒಂದೊಂದು ಹಂತ. "ನಿಮ್ಮ ಕನಸನ್ನು ಒಂದೇ ಮಾತಿನಲ್ಲಿ ಹೇಳಿ," ಎಂದರು. ನಾನು ದಾಟಿಸಿದೆ.

"ಸೂರು," ಎಂದಳು ಅಕ್ಕ.

ಮೇಡಂ ಹಳದಿ ಚೀಟಿಯ ಮೇಲೆ ಬರೆದುಕೊಂಡರು. ಬರೆದು, ಎದ್ದು, ಹಾಳೆಯ ಮುಂದೆ ಯೋಚಿಸುತ್ತ ನಿಂತರು. ಮೊದಲ ಅಂಕಣದಲ್ಲಿ ಆಗಲೇ 'ನಂಬಿಕೆ ಬೆಳೆಸುವುದು' ಇತ್ತು. ಎರಡನೆಯದರಲ್ಲಿ 'ಸಾಮರ್ಥ್ಯ ವೃದ್ಧಿ'. ಮೂರನೆಯದರಲ್ಲಿ 'ಅನುಭವ ಹಂಚಿಕೆ'. ಸೂರು ಹೋಗಿ ನಾಲ್ಕನೆಯ ಅಂಕಣದ ತುದಿಯಲ್ಲಿ ಅಂಟಿತು.

"ಅದು ಯಾವಾಗ ಬರುತ್ತೆ ಕೇಳು ತಮ್ಮ."

ಕೇಳಿದೆ. "ಐದನೆಯ ವರ್ಷದ ಕೊನೆಗೆ. ಆದರೆ ಆತುರಪಟ್ಟರೆ ಸಮುದಾಯಕ್ಕೆ ಒಡೆತನದ ಭಾವನೆ ಬರುವುದಿಲ್ಲ," ಎಂದರು ಮೇಡಂ.

ಅಕ್ಕ ಎದ್ದು ನಿಂತಳು. ಸಭೆಯಲ್ಲಿ ಎದ್ದು ನಿಂತು ಅಭ್ಯಾಸವಿಲ್ಲ, ಸೆರಗು ಎರಡು ಸಲ ಸರಿಮಾಡಿಕೊಂಡಳು. "ಈ ವರ್ಷದ ಕೊನೆಗೆ ನರ್ಸ್ ಹೋಗ್ತಾಳೆ. ನನ್ನ ಗಂಡನ ಕಾಲು ಹೋಗುತ್ತೆ. ಐದು ವರ್ಷಕ್ಕೆ ಸೂರು ಬಂದ್ರೆ ಅದರ ಕೆಳಗೆ ಯಾರನ್ನ ಕೂರಿಸೋದು ಕೇಳು."

ನಾನು ಹೇಳಿದೆ. ಮೇಡಂ ಕಣ್ಣು ಒದ್ದೆಯಾಯಿತು. ಗುಲಾಬಿ ಚೀಟಿ ತೆಗೆದು 'ತುರ್ತು' ಎಂದು ಬರೆದು ಹಳದಿ ಚೀಟಿಯ ಪಕ್ಕದಲ್ಲೇ ಅಂಟಿಸಿದರು. ಅಂಕಣ ಮಾತ್ರ ಬದಲಾಗಲಿಲ್ಲ.

ಭಾವ ಕೈಯೆತ್ತಿದ. "ನನ್ನದೊಂದು ಪ್ರಶ್ನೆ. ಕಟ್ಟಿ ಮುಗಿದ್ರೆ ಇವರೆಲ್ಲ ಏನು ಮಾಡ್ತಾರೆ?"

ಹಂತರಾಯರು ಕೆಮ್ಮಿದರು. ಮೇಡಂ ಅದನ್ನೂ ಬರೆದುಕೊಂಡು, ಇದು ಇಡೀ ದಿನದ ಅತ್ಯುತ್ತಮ ಪ್ರಶ್ನೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾ ಬಂತು.

ಆಗ ಇದ್ದ ತಂಡವೂ ಹೋಯಿತು. ಈ ಸಲ ಹಂತರಾಯರ ಅಪ್ಪಣೆ ಬೇರೆಯಿತ್ತು. ಯೋಜನೆಯ ಉದ್ಘಾಟನೆಗೆ ದಾನಿಗಳೇ ಬರುತ್ತಾರೆ. ಗೋಡೆಯನ್ನು ಪೂರ್ತಿ ಇಳಿಸುವುದು ಬೇಡ, ಎದೆಮಟ್ಟಕ್ಕೆ ನಿಲ್ಲಿಸಿ. ಅವರು ಮೇಲಿನ ಎರಡು ಸಾಲು ಕೂರಿಸುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಇಷ್ಟು ಹೇಳಿ ಅವರು ದಾನಿಗಳನ್ನು ಕರೆತರಲು ರಾಜಧಾನಿಗೆ ಹೋದರು. "ನೆನಪಿರಲಿ. ಹೆಸರು ಒಳಗೆ, ಬೋಳು ಹೊರಗೆ," ಎಂದು ಕಾರಿನ ಕಿಟಕಿಯಿಂದ ಕೂಗಿದರು.

ಅಕ್ಕ ಕಾರಿನ ಧೂಳು ಅಡಗುವವರೆಗೆ ನಿಂತಿದ್ದಳು. ಆಮೇಲೆ ಗೋಡೆಯ ಹತ್ತಿರ ಬಂದು ಒಂದು ಇಟ್ಟಿಗೆ ಬಿಡಿಸಿದಳು. ತಿರುಗಿಸಿದಳು. ಯಾವುದೋ ದೇಶದ ಯಾರದೋ ಹೆಸರು, ಪಕ್ಕದಲ್ಲೊಂದು ಹೂವು.

"ಎಲ್ಲಾ ಇಳಿಸೋಣ," ಎಂದಳು. "ಪಾಯದವರೆಗೂ. ಮತ್ತೆ ನಾವೇ ಕಟ್ಟೋಣ. ಹೆಸರು ಹೊರಗೆ."



"ಕೂಲಿ?" ಎಂದನೊಬ್ಬ.

"ಹೋಗುತ್ತೆ."

"ಹೋದ್ರೆ?"

 ಉತ್ತರ ಅಜ್ಜಿ ಕೊಟ್ಟಳು. "ಹೋಗೋದೇ ಆದ್ರೆ ಅವರ ಮುಖ ನೋಡ್ಕೊಂಡೇ ಹೋಗಲಿ ಬಿಡ್ರೋ."

ಅದೇ ಮೊದಲ ಸಲ ನಾವು ಆ ಗೋಡೆ ಕಟ್ಟಿದ್ದು.  ಭಾವ ನೆರಳಲ್ಲಿ ಕಾಲು ಚಾಚಿ ಕೂತು ಗಾರೆಗೆ ನೀರು ಜಾಸ್ತಿಯಾಯಿತು, ಕಡಿಮೆಯಾಯಿತು ಎಂದು ಕೂಗುತ್ತಿದ್ದ. ಅವನ ಕಾಲಿಂದ ವಾಸನೆ ಬರತೊಡಗಿತ್ತು. ನಾವು ಗಾಳಿ ಬೀಸಿಬರುವ ಕಡೆಗೆ ಜಾಗ ಬದಲಿಸಿಕೊಳ್ಳುತ್ತಿದ್ದೆವು. ಅವನಿಗೆ ಅದು ಗೊತ್ತಾಗದ ಹಾಗೆ ಮಾಡುತ್ತಿದ್ದೆವು, ಅವನಿಗೆ ಗೊತ್ತಾಗುತ್ತಿತ್ತು.

ಒಂದು ಇಟ್ಟಿಗೆಯ ಮೇಲೆ ಹೆಸರಿನ ಜೊತೆ ಒಂದು ಸಾಲೂ ಇತ್ತು. ಏನು ಬರೆದಿದೆ ಎಂದು ಅಕ್ಕ ಕೇಳಿದಳು. "'ಈ ಗೋಡೆ ನನಗಿಂತ ಹೆಚ್ಚು ಕಾಲ ಬಾಳಲಿ' ಅಂತ," ಎಂದೆ. ಅವಳು ಅದನ್ನು ಬಾಗಿಲ ಪಕ್ಕ, ಕಣ್ಣಿನ ಮಟ್ಟಕ್ಕೆ ಕೂರಿಸಿದಳು.

ದಾನಿಗಳು ಬಂದರು. ಕಾರಿನಿಂದ ಮೊದಲು ಇಳಿದವರು ಹಂತರಾಯರು. ಗೋಡೆ ನೋಡಿ ಅವರ ಮುಖ ಬೂದಿ ಬಳಿದಂತಾಯಿತು. ಅಷ್ಟರಲ್ಲಿ ಉಳಿದವರು ಗೋಡೆಯ ಮುಂದೆ ನಿಂತಾಗಿತ್ತು. ಪಾಯದಿಂದ ಎದೆಮಟ್ಟದವರೆಗೆ ಹೆಸರೋ ಹೆಸರು. ಮೊದಲ ವರ್ಷದ್ದು, ನಡುವಿನ ವರ್ಷಗಳದ್ದು, ಈ ವರ್ಷದ್ದು, ಎಲ್ಲಾ ಕಲಸಿಹೋಗಿದ್ದವು. ದಾನಿಗಳಲ್ಲಿ ತಲೆ ಪೂರ್ತಿ ಬೆಳ್ಳಗಾದ ಒಬ್ಬರು ಬಗ್ಗಿ ಒಂದು ಇಟ್ಟಿಗೆ ಸವರಿದರು. ಅವರ ಮಗಳ ಹೆಸರಂತೆ. ಮೊದಲ ತಂಡದಲ್ಲಿ ಬಂದವಳಂತೆ.

ಅವರು ನಿಧಾನವಾಗಿ ಎದ್ದರು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. "ಅಷ್ಟು ವರ್ಷದ ಹಿಂದೆ ಅವಳು ಇದನ್ನು ಕಿಟಕಿಯ ಮಟ್ಟಕ್ಕೆ ಕಟ್ಟಿ ಬಂದಳಲ್ಲ. ಫೋಟೋ ನಮ್ಮ ಮನೆಯಲ್ಲಿದೆ. ಇನ್ನೂ ಯಾಕೆ ಇಷ್ಟೇ ಇದೆ?"

ನಾನು ಅಕ್ಕನಿಗೆ ಹೇಳಿದೆ. ಅಕ್ಕ ಮುಂದೆ ಬಂದಳು.

"ನೀವು ಕಟ್ತೀರಿ. ನಾವು ಇಳಿಸ್ತೀವಿ. ಇಳಿಸೋಕೆ ಇವರು ಕೂಲಿ ಕೊಡ್ತಾರೆ. ಮತ್ತೆ ನೀವು ಕಟ್ತೀರಿ. ಇದು ಇಷ್ಟು ವರ್ಷ ಒಂದೇ ಗೋಡೆ. ಅಲ್ಲಿ ಕೂತಿರೋದು ನನ್ನ ಗಂಡ. ಅವರ ಕಾಲು ಕೊಳೀತಿದೆ. ಸೂರಿಲ್ಲ ಅಂತ ನರ್ಸ್ ಬಂದಿಲ್ಲ. ಇದಿಷ್ಟನ್ನೂ ಹಾಗೇ ಹೇಳು ತಮ್ಮ. ಮೆತ್ತಗೆ ಮಾಡಬೇಡ."

ಮೆತ್ತಗೆ ಮಾಡದೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಒಂದು ಕ್ಷಣ ನನಗೆ ಅನ್ನಿಸಿತು, ಕೆಲಸ ಆಯಿತು ಎಂದು. ಬಿಳಿತಲೆಯವರು ಭಾವನ ಕಡೆ ನೋಡಿದರು.

ಆಗ ಮೇಡಂ ಮುಂದೆ ಬಂದರು. ಅಕ್ಕನ ಎರಡೂ ಕೈ ಹಿಡಿದುಕೊಂಡರು. ಧ್ವನಿ ನಡುಗುತ್ತಿತ್ತು, ಸುಳ್ಳು ನಡುಕವೂ ಅಲ್ಲ. ಇಷ್ಟು ಪ್ರಾಮಾಣಿಕ ಮಾತನ್ನು ತಾವು ಎಲ್ಲೂ ಕೇಳಿಲ್ಲ ಎಂದರು. ತಪ್ಪಿನಿಂದ ಕಲಿಯುವುದೇ ಸಂಸ್ಥೆಯ ಶಕ್ತಿ ಎಂದರು. ಇದನ್ನು ಹೊಸ ಯೋಜನೆಯಲ್ಲಿ 'ಕಲಿತ ಪಾಠ'ವೆಂದು ಸೇರಿಸುತ್ತೇವೆ ಎಂದರು. ಈ ಗೋಡೆಯನ್ನು ಇನ್ನು ಯಾರೂ ಮುಟ್ಟಬಾರದು. ಇಷ್ಟು ದೇಶದ ಇಷ್ಟು ಕೈಗಳ ನೆನಪು ಇದು. ಸೂರು ಹಾಕಿ ಕತ್ತಲು ಮಾಡುವುದು ಬೇಡ, ಬಿಸಿಲು ಬೀಳಲಿ, ಹೆಸರು ಕಾಣಲಿ. ಆಸ್ಪತ್ರೆಯನ್ನು ಪಕ್ಕದಲ್ಲೇ ಹೊಸದಾಗಿ ಶುರು ಮಾಡೋಣ. ಇವತ್ತೇ. ದಾನಿಗಳ ಕೈಯಿಂದಲೇ.

ಬಿಳಿತಲೆಯವರ ಮುಖದಲ್ಲಿ ನಿರಾಳ ಮೂಡಿತು. ಪ್ರಶ್ನೆ ಕೇಳುವವರಿಗೆ ಎಷ್ಟೋ ಸಲ ಉತ್ತರಕ್ಕಿಂತ ಆ ನಿರಾಳವೇ ಬೇಕಾಗಿರುತ್ತದೆ.

ಹಂತರಾಯರ ಮುಖಕ್ಕೂ ಬಣ್ಣ ಬಂತು. "ಗುದ್ದಲಿ ತನ್ನಿ," ಎಂದು ನಮ್ಮ ಕಡೆಗೆ ಕೈ ಬೀಸಿದರು.

"ಏನಂತೆ?" ಎಂದಳು ಅಕ್ಕ.

"ಹೊಸ ಪಾಯ ತೋಡಬೇಕಂತೆ," ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಅಂಥ ನೋಟ ನಾನು ಹಿಂದೆ ಒಮ್ಮೆ ನೋಡಿದ್ದೆ, ಭಾವನ ಎರಡನೆಯ ಬೆರಳು ತೆಗೆದ ದಿನ.

ವರ್ಷ ಮುಗಿಯಿತು. ಇನ್‌ಸ್ಪೆಕ್ಟರು ಬಂದರು. ಒಂದು ಗೋಡೆ ಎದೆಮಟ್ಟಕ್ಕೆ, ಪಕ್ಕದ್ದು ಮೊಣಕಾಲ ಮಟ್ಟಕ್ಕೆ. ಬೈಕಿಂದ ಇಳಿಯಲೂ ಇಲ್ಲ. "ಒಂದಿದ್ದದ್ದು ಎರಡಾಯ್ತಲ್ಲಮ್ಮ," ಎಂದರು. ಅದು ಹಾಸ್ಯವಾಗಿರಲಿಲ್ಲ. ಹುದ್ದೆ ಬೇರೆ ಊರಿಗೆ ಹೋಯಿತು.

ಭಾವನ ಕಾಲು ಮೊಣಕಾಲಿನ ಕೆಳಗೆ ಹೋಯಿತು. ಪೇಟೆಯ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹೊದಿಕೆಯ ಕೆಳಗೆ ಕೈಯಾಡಿಸಿ ನೋಡಿಕೊಂಡ. ಆ ಕಡೆ ಹೊದಿಕೆ ಚಪ್ಪಟೆಯಾಗಿತ್ತು. ಅಕ್ಕ ಗೋಡೆಯ ಕಡೆ ತಿರುಗಿ ನಿಂತಿದ್ದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ," ಎಂದ ನನಗೆ. "ಹುಟ್ಟಿದಾಗಿಂದ ನನ್ನ ಹಾಸಿಗೆ ಸಾಲ್ತಿರಲಿಲ್ಲ. ಈಗ ಸಾಕಾಗುತ್ತೆ ನೋಡು ಭಾಮೈದ."

ನಾನು ನಗಲು ಹೋದೆ. ಅವನು ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಿಜ ಹೇಳಿದರೂ ಯಾರೂ ನಗದಿದ್ದದ್ದೂ ಅದೊಂದೇ ಸಲ.

ಅವನನ್ನು ಮನೆಗೆ ತಂದಾಗ ಡಾಕ್ಟರು ಮತ್ತೆ ಅದೇ ಮಾತು ಹೇಳಿ ಕಳಿಸಿದ್ದರು. ದಿನಾ ತೊಳೆದು, ಔಷಧಿ ಹಾಕಿ, ಪಟ್ಟಿ ಬದಲಿಸಬೇಕು. ಇನ್ನೊಂದು ಕಾಲಿನ ಹಿಮ್ಮಡಿಯಲ್ಲಿ ಬಿರುಕು ಕಾಣಿಸಿಕೊಂಡಿತ್ತು.

ಹೊಸ ಗೋಡೆ ಕಿಟಕಿಯ ತಲೆಮಟ್ಟಕ್ಕೆ ಏರಿತು. ಹಾಡಾಯಿತು, ಕಣ್ಣೀರಾಯಿತು, ಕೈಗವಸು ಬುಟ್ಟಿಗೆ ಬಂದವು. ಹಂತರಾಯರು ಮುಂದಿನ ತಂಡವನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಟರು. "ಪಾಯಕ್ಕೆ ಇಳಿಸಿಡಿ," ಎಂದರು. ಇನ್ನು ಮೊದಲಿನಂತೆ ಮುಜುಗರವೂ ಇರಲಿಲ್ಲ. ಈಗ ಅದು ಕಲಿತ ಪಾಠವಾಗಿತ್ತಲ್ಲ.

ಬೆಳಿಗ್ಗೆ ಗುಂಪು ಸೇರಿತು. ಅಕ್ಕ ಗೋಣಿಚೀಲ ನೆನೆಸಿರಲಿಲ್ಲ. ಹೊಸ ಗೋಡೆಯನ್ನು ದಾಟಿಕೊಂಡು ನೇರ ಊಟದ ಚಪ್ಪರಕ್ಕೆ ನಡೆದಳು. ಒಂದು ಕಂಬಕ್ಕೆ ಕೈಯಿಟ್ಟು ಅಲುಗಿಸಿ ನೋಡಿದಳು. ಇಟ್ಟಿಗೆ ನೋಡುವ ಹಾಗೆಯೇ, ಎಡಕ್ಕೊಮ್ಮೆ ಬಲಕ್ಕೊಮ್ಮೆ.

"ನಮಗೆ ಬರೋದು ಒಂದೇ ವಿದ್ಯೆ," ಎಂದಳು. "ಇಳಿಸೋದು. ಮೂಲೆ ಮುರಿಯಬಾರದು."

ಅಜ್ಜಿ ಮೇಲಿನ ತಗಡು ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. 

ಮೊಳೆ ಕೀಳುವ ಸದ್ದು ಊರಿಗೆಲ್ಲ ಕೇಳಿರಬೇಕು. ಕರೆಯದೆಯೂ ಜನ ಬಂದರು. ಗುಂಪಿಗೆ ಸೇರದವರೂ ಬಂದರು. ಕ್ವಾರಿ ಮುಚ್ಚಿದಾಗಿನಿಂದ ಮನೆ ಜಗಲಿ ಬಿಟ್ಟು ಇಳಿಯದವರೂ ಬಂದು ತಗಡಿಗೆ ಕೈ ಕೊಟ್ಟರು. ಹೆಸರುಗಳ ಗೋಡೆ ಎದೆಮಟ್ಟಕ್ಕಿತ್ತು, ಅಷ್ಟು ಸಾಲದು. ಅದಕ್ಕೆ ಹೊಸ ಗೋಡೆಯ ಇಟ್ಟಿಗೆ ಬಿಡಿಸಿ ತಂದು ಏರಿಸಿದೆವು. ಹೆಸರು ಒಳಗೋ ಹೊರಗೋ ಯಾರೂ ನೋಡಲಿಲ್ಲ. ಚಪ್ಪರದ ಕಂಬಗಳೇ ತೊಲೆಯಾದವು. ಮಾರನೆಯ ದಿನ ಹೊತ್ತು ಇಳಿಯುವ ಹೊತ್ತಿಗೆ ಒಳಗೆ ನೆರಳು ಬಿತ್ತು. ಇಷ್ಟು ವರ್ಷದಲ್ಲಿ ಆ ನೆಲಕ್ಕೆ ಬಿದ್ದ ಮೊದಲ ನೆರಳು.

ಭಾವನನ್ನು ಮಂಚ ಸಮೇತ ತಂದು ಒಳಗಿಟ್ಟೆವು. ನರ್ಸಿಲ್ಲದ ಆಸ್ಪತ್ರೆಯ ಮೊದಲ ರೋಗಿ. ಅವನು ತಲೆಯೆತ್ತಿ ತಗಡು ನೋಡಿದ.

"ಬಾಗಿಲಿಲ್ಲವಲ್ಲೇ?" ಎಂದ.

ಅಕ್ಕ ಬಾಗಿಲಿರಬೇಕಾದ ಜಾಗದಲ್ಲಿ, ಹೊಸ್ತಿಲಿರಬೇಕಾದ ಕಡೆ, ಅಡ್ಡವಾಗಿ ಕೂತಳು. ಪಕ್ಕದಲ್ಲಿ ಅಜ್ಜಿ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು.

ಬಸ್ಸು ಬಂದಾಗ ನಾವು ಹಾಗೇ ಇದ್ದೆವು. ಹಂತರಾಯರು ಇಳಿದವರೇ ಚಪ್ಪರವಿದ್ದ ಕಡೆ ನೋಡಿದರು, ಆಕಾಶ ಕಂಡಿತು. ಹೊಸ ಗೋಡೆಯ ಕಡೆ ನೋಡಿದರು, ಪಾಯವಿತ್ತು. ಆಮೇಲೆ ನಮ್ಮ ಕಡೆ ನೋಡಿದರು.

"ಏನಿದು? ಯಾರನ್ನ ಕೇಳಿ ಮಾಡಿದ್ರಿ? ಇದು ಸಂಸ್ಥೆ ಆಸ್ತಿ!"

"ಬೋರ್ಡು ಓದಿ ಸಾರ್," ಎಂದಳು ಅಕ್ಕ. "ಮರುಬಳಕೆ."

"ಪೊಲೀಸರಿಗೆ ಫೋನ್ ಮಾಡ್ತೀನಿ. ಒಬ್ಬೊಬ್ಬರನ್ನೂ ಒಳಗೆ ಹಾಕಿಸ್ತೀನಿ!"

"ಹಂತ ಹಂತವಾಗಿ ಹಾಕ್ಸಿ," ಎಂದ ಭಾವ ಒಳಗಿಂದ. "ನಾನು ಆಗಲೇ ಒಳಗಿದ್ದೀನಿ."

ಅವರು ಫೋನು ಕಿವಿಗಿಟ್ಟು ರಸ್ತೆಯ ಕಡೆ ಹೋದರು. ಪೊಲೀಸರು ಬರುತ್ತಾರೆ, ಗೊತ್ತಿತ್ತು. ತಗಡು ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನಾಳೆಯಿಂದ ಕೂಲಿ ಇಲ್ಲ ಎನ್ನುವುದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿತ್ತು.

ತಂಡದವರು ಇಳಿದು ಬಿಸಿಲಿನಲ್ಲಿ ನಿಂತಿದ್ದರು. ಹೊಸ ಟೋಪಿ, ಕೈಯಲ್ಲಿ ಆಗಲೇ ಕೈಗವಸು. ಕಟ್ಟುವುದಕ್ಕೆ ಗೋಡೆ ಹುಡುಕುತ್ತ ಸುತ್ತ ನೋಡುತ್ತಿದ್ದರು. ಕೊನೆಗೆ ಒಬ್ಬ ಹುಡುಗ ನನ್ನ ಹತ್ತಿರ ಬಂದು ವಿನಯದಿಂದ ಏನೋ ಕೇಳಿದ.

"ಏನಂತೆ?" ಎಂದಳು ಅಕ್ಕ.

"ಎಲ್ಲಿಂದ ಶುರು ಮಾಡಬೇಕು ಅಂತ ಕೇಳ್ತಿದ್ದಾನೆ."

ಅಕ್ಕ ಕೂತಲ್ಲಿಂದ ಅಲುಗದೆ ಒಳಗಿನ ಮಂಚದ ಕಡೆ ಕೈ ತೋರಿಸಿದಳು. ಒಂದು ಕಾಲು ಅಲ್ಲಿ ಚಾಚಿತ್ತು.

"ನರ್ಸ್ ಎಲ್ಲಿ ಅಂತ ಕೇಳೋಕೆ ಹೇಳು," ಎಂದಳು. "ಅವರ ಮೇಡಂನ, ನಮ್ಮ ಸರ್ಕಾರಾನ, ಸಿಕ್ಕಸಿಕ್ಕವರನ್ನೆಲ್ಲ ಕೇಳಲಿ. ಉತ್ತರ ಸಿಗೋವರೆಗೂ ಒಂದು ಇಟ್ಟಿಗೆ ಮುಟ್ಟೋದು ಬೇಡ. ಅಲ್ಲಿಂದ ಶುರು."

ನಾನು ಅವನ ಕಡೆ ತಿರುಗಿ, ಮೆತ್ತಗೆ ಮಾಡದೆ, ಹೇಳತೊಡಗಿದೆ.